ದಣಿದವರಿಗೆ ಪ್ರಭುವಿನ ನೊಗ



ನಮ್ಮ ಭಾಗದಲ್ಲಿ ದುಡಿಮೆಗೆ ಬಿಡುವಿಲ್ಲ. ಸಂಡೂರಿನ ಗಣಿಗಳಲ್ಲಿ ರಾತ್ರಿ ಪಾಳಿ, ಕಂಪ್ಲಿಯ ಗದ್ದೆಗಳಲ್ಲಿ ಬಗ್ಗಿದ ಸೊಂಟ ಎತ್ತಲಾಗದ ಭತ್ತದ ನಾಟಿ, ಹಂಪಿಯಲ್ಲಿ ಕಾದ ಬಂಡೆಗಳ ನಡುವೆ ಪ್ರವಾಸಿಗರೊಡನೆ ಅಲೆದಾಟ, ಹೊಸಪೇಟೆಯ ಹೋಟೆಲು, ಅಂಗಡಿಗಳಲ್ಲಿ ನಿಂತೇ ಕಳೆಯುವ ದಿನ. ಕೂಲಿ ಮುಗಿಸಿ ಬಂದ ತಾಯಿಗೆ ಮನೆಯಲ್ಲಿ ಒಲೆ ಕಾದಿರುತ್ತದೆ. ಇಂಥವರನ್ನೇ ಯೇಸುಸ್ವಾಮಿ ತಮ್ಮ ಬಳಿಗೆ ಕರೆದು, ವಿಶ್ರಾಂತಿ ಕೊಡುವುದಾಗಿ ಮಾತು ಕೊಡುತ್ತಾರೆ (ಮತ್ತಾಯ 11:28-30). ಆ ವಿಶ್ರಾಂತಿ ಎಂಥದು?

ಕೆಲಸವಿಲ್ಲದೆ ಕೂರುವುದೇ ವಿಶ್ರಾಂತಿ ಎಂದುಕೊಳ್ಳುತ್ತೇವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮದಿಂದ ಗಾಸಿಗೊಂಡ ನೆಲಕ್ಕೆ ಆ ತಡೆ ಬೇಕಿತ್ತು. ಆದರೆ ಲಾರಿಗಳು ನಿಂತಾಗ ದುಡಿಯುವ ಕೈಗೆ ಸಿಕ್ಕ ಬಿಡುವು ಮನಸ್ಸಿಗೆ ಸಿಗಲಿಲ್ಲ. ನಾಳೆಯ ಚಿಂತೆ ಹೊತ್ತವನಿಗೆ ಹಾಸಿಗೆಯೂ ಮುಳ್ಳೇ.

ಪ್ರಭು ವಿಶ್ರಾಂತಿಯ ಜೊತೆಗೇ ನೊಗವನ್ನೂ ಕೊಡುತ್ತಾರೆ ಎಂಬುದನ್ನು ಗಮನಿಸಿರಿ. ಯೇಸು ಬಡಗಿಯಾಗಿ ನೇಗಿಲು, ನೊಗಗಳನ್ನು ಮಾಡುತ್ತಿದ್ದರೆಂದು ಎರಡನೆಯ ಶತಮಾನದ ಸಂತ ಜಸ್ಟಿನರು ಬರೆದಿದ್ದಾರೆ. ಹೊಂದದ ನೊಗ ಎತ್ತಿನ ಹೆಗಲನ್ನು ಹುಣ್ಣು ಮಾಡುತ್ತದೆಂದು ರೈತರು ಬಲ್ಲರು. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ಕಟ್ಟುವುದನ್ನೂ ಬಲ್ಲರು. ನಮ್ಮ ನೊಗದ ಇನ್ನೊಂದು ಬದಿಗೆ ಪ್ರಭುವೇ ಹೆಗಲು ಕೊಟ್ಟಿದ್ದಾರೆ. ಹೊರೆ ಅದೇ ಇದ್ದರೂ ಎಳೆಯುವವರು ಇಬ್ಬರು. ವಿಶ್ವಾಸಿಯ ನೆಮ್ಮದಿಯ ಬೇರು ಇಲ್ಲಿದೆ.

ಹಾಗಾದರೆ ದಣಿದವರಿಗೆ ವಿಶ್ವಾಸ ಕಡಿಮೆಯೇ? ಇಲ್ಲ. ಪ್ರವಾದಿ ಎಲೀಯ ಬಳಲಿ, ಗಿಡದ ಕೆಳಗೆ ಬಿದ್ದು ಸಾವನ್ನೇ ಬೇಡಿದ (1 ಅರಸುಗಳು 19). ದೇವರು ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟರು, ದೂತನ ಕೈಯಿಂದ ರೊಟ್ಟಿ, ನೀರು ಕೊಡಿಸಿದರು, ಮತ್ತೆ ಮಲಗಿದವನನ್ನು ಎಬ್ಬಿಸಿ ಮತ್ತೆ ಉಣಿಸಿದರು. ಆ ಊಟದ ಬಲದಿಂದ ಅವನು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ. ನಿದ್ದೆಯೂ ಊಟವೂ ದೇವರ ವರಗಳೇ. ದೋಣಿಯಲ್ಲಿ ಪ್ರಭುವೂ ನಿದ್ರಿಸಿದರು. ಎಲೀಯನಿಗೆ ಸಿಕ್ಕ ರೊಟ್ಟಿಗಿಂತ ಮಿಗಿಲಾದ ಪರಮಪ್ರಸಾದ ನಮ್ಮ ದಾರಿಯ ಬುತ್ತಿಯಾಗಿದೆ. ಭಾನುವಾರ ಪಾಳಿ ಇರುವವರು ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಕರ್ತವ್ಯ ಪೂರೈಸಿದಂತೆಯೇ ಎಂದು ಧರ್ಮಸಭೆ ಹೇಳುತ್ತದೆ.

ಇನ್ನೊಂದು ಮಾತು ನಮ್ಮನ್ನು ಚುಚ್ಚಬೇಕು. ಸಬ್ಬತ್ತಿನ ಆಜ್ಞೆ ಯಜಮಾನನಿಗಷ್ಟೇ ಅಲ್ಲದೆ ಆಳಿಗೂ ಎತ್ತಿಗೂ ಬಿಡುವು ಕೊಡುತ್ತದೆ. ಈಜಿಪ್ಟಿನಲ್ಲಿ ನೀವೂ ಗುಲಾಮರಾಗಿದ್ದಿರಿ ಎಂದು ನೆನಪಿಸುತ್ತದೆ (ಧರ್ಮೋಪದೇಶಕಾಂಡ 5:12-15). 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ತಮ್ಮ ವಿಶ್ವಪತ್ರದಲ್ಲಿ ಕಾರ್ಮಿಕರ ವಿಶ್ರಾಂತಿಯನ್ನು ಹಕ್ಕೆಂದು ಎತ್ತಿಹಿಡಿದರು. ನಾವು ಪೂಜೆಗೆ ಬಂದು ಕುಳಿತಿರುವಾಗ ನಮ್ಮ ಮನೆಯ ಪಾತ್ರೆ ತೊಳೆಯುವಾಕೆಗೆ ವಾರಕ್ಕೊಂದು ರಜೆ ಇದೆಯೇ? ಆ ರಜೆಯ ಕೂಲಿಯನ್ನು ಕತ್ತರಿಸುತ್ತೇವೆಯೇ? ಪ್ರಭುವಿನಿಂದ ವಿಶ್ರಾಂತಿ ಬೇಡುವವರು ಇನ್ನೊಬ್ಬರ ವಿಶ್ರಾಂತಿಯನ್ನು ಕಸಿದುಕೊಳ್ಳಬಾರದು.

ಈ ವಾರ ಮನೆಯವರೆಲ್ಲ ಒಟ್ಟಿಗೆ ಕುಳಿತು ವಿಚಾರಮಾಡಿರಿ:

1. ನಮ್ಮಲ್ಲಿ ಹೆಚ್ಚು ದಣಿದವರು ಯಾರು? ಅವರ ಯಾವ ಕೆಲಸವನ್ನು ನಾವು ಹಂಚಿಕೊಳ್ಳಬಹುದು?
2. ನಮಗಾಗಿ ದುಡಿಯುವವರಿಗೆ ವಾರದ ಬಿಡುವು ಸಿಗುತ್ತಿದೆಯೇ?
3. ಮಲಗುವ ಮುನ್ನ ಇಂದಿನ ಭಾರವನ್ನು ಹೆಸರು ಹಿಡಿದು ಪ್ರಭುವಿಗೆ ಒಪ್ಪಿಸುತ್ತೇವೆಯೇ?

ದುಡಿಯುವವರ ಪಾಲಕರಾದ ಸಂತ ಜೋಸೆಫರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.