ಸೌಮ್ಯ ಆಟಿಸಂ ಇದ್ದರೂ ಹಕ್ಕು ಪೂರ್ತಿಯೇ

ಮೂವತ್ತು ದಾಟಿದ ಮೇಲೆ ‘ನಿಮಗಿರುವುದು ಸೌಮ್ಯ ಆಟಿಸಂ’ ಎಂದು ವೈದ್ಯರು ಹೇಳಿದಾಗ ಕೆಲವರಿಗೆ ನಿರಾಳವೇ ಆಗುತ್ತದೆ. ಕಚೇರಿಯ ಗದ್ದಲಕ್ಕೆ ತಲೆ ಸಿಡಿಯುವುದೇಕೆ, ಮದುವೆಮನೆಯಿಂದ ಊಟಕ್ಕೂ ನಿಲ್ಲದೆ ಹೊರಟುಬಿಡುವುದೇಕೆ ಎಂಬುದಕ್ಕೆ ಉತ್ತರ ಸಿಕ್ಕಿತಲ್ಲ! ಮನೆಯವರು ಮಾತ್ರ ‘ಸ್ವಲ್ಪವೇ ತಾನೇ, ಸರ್ಟಿಫಿಕೇಟೆಲ್ಲ ಯಾಕೆ’ ಎನ್ನುತ್ತಾರೆ. ಈ ಮಾತಿಗೆ ತಲೆಯಾಡಿಸಿ ಸುಮ್ಮನಾಗಬೇಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅದನ್ನು ಅಳೆಯಲು ನಮ್ಮಲ್ಲಿ ಬಳಸುವ ಐಎಸ್‌ಎಎ ಮಾಪನದಲ್ಲಿ 70ರಿಂದ 106 ಅಂಕ ಬಂದರೆ ಸೌಮ್ಯ ಎನ್ನುತ್ತಾರೆ; 70 ಅಂಕಕ್ಕೇ ಶೇ 40 ವೈಕಲ್ಯದ ಲೆಕ್ಕ. ಸರ್ಕಾರಿ ನೌಕರಿಯ ಮೀಸಲಾತಿಗೆ ಬೇಕಾದ ಗಡಿಯೂ ಅದೇ ಶೇ 40. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಧಾರ್, ಫೋಟೊ, ಹಳೆಯ ವೈದ್ಯಕೀಯ ದಾಖಲೆಗಳೊಂದಿಗೆ ನಿಗದಿಯಾದ ಆಸ್ಪತ್ರೆಗೆ ಹೋಗಬೇಕು. ಬಾಲ್ಯದಲ್ಲಿ ನಿಮ್ಮನ್ನು ಕಂಡ ಅಮ್ಮನೋ ಅಕ್ಕನೋ ಜತೆಗಿದ್ದರೆ ಒಳ್ಳೆಯದು. ವೈದ್ಯರು ಆ ದಿನಗಳ ಬಗ್ಗೆಯೂ ಕೇಳುತ್ತಾರೆ.

ಶೇ 40 ಬರದಿದ್ದರೆ? ಮೀಸಲಾತಿ ಸಿಗದು, ಆದರೆ ಬಾಗಿಲು ಮುಚ್ಚಲಿಲ್ಲ. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೂಕ್ತ ಅನುಕೂಲ ಕೇಳುವ ಹಕ್ಕನ್ನು ಈ ಗಡಿಗೆ ಕಟ್ಟಿಹಾಕುವಂತಿಲ್ಲ ಎಂದಿತು. ಕಿಟಕಿ ಬದಿಯ ಮೇಜು, ಕಿವಿಗೆ ಹೆಡ್‌ಫೋನ್, ಮೌಖಿಕ ಸೂಚನೆಯ ಬದಲು ಇಮೇಲ್ ಇವೆಲ್ಲ ಅಂಥ ಅನುಕೂಲಗಳೇ. ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಖಾಸಗಿ ಕಂಪನಿಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ಕಾಯ್ದೆಯ 21ನೇ ಕಲಂ ಹೇಳುತ್ತದೆ. ಅದರ ಪ್ರತಿ ಕೇಳಿ.

ಇನ್ನು ನೆಮ್ಮದಿಯ ವಿಷಯ. ಉದ್ಯೋಗ, ಪಿಂಚಣಿಗಳ ಮಾತಿನ ನಡುವೆ 29ನೇ ಕಲಂ ಯಾರಿಗೂ ನೆನಪಾಗುವುದಿಲ್ಲ. ಸಂಸ್ಕೃತಿ, ಮನರಂಜನೆಯಲ್ಲಿ ಪಾಲ್ಗೊಳ್ಳುವುದನ್ನೂ ಅದು ಹಕ್ಕಾಗಿ ಕಂಡಿದೆ; ಕಲಾ ತರಗತಿಗಳಲ್ಲಿ ಭಾಗವಹಿಸಲು ನೆರವಾಗುವುದು, ಕಲೆಯ ಪಠ್ಯಕ್ರಮವನ್ನೇ ಮರುರೂಪಿಸುವುದು ಸರ್ಕಾರದ ಹೊಣೆ ಎಂದಿದೆ. ನನಗೆ ಇದು ಕಾಯ್ದೆಯ ಅತ್ಯಂತ ಮಾನವೀಯ ಭಾಗ. ಧಾರವಾಡದ ಕಸೂತಿಯನ್ನೇ ನೋಡಿ. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಎಳೆಗಳನ್ನು ಎಣಿಸುತ್ತ ಸೂಜಿ ಹೋಗುತ್ತದೆ. ಗವಂತಿ ಎಂಬ ಹೊಲಿಗೆಯಲ್ಲಿ ಒಂದು ಸಾಲು ಬಿಟ್ಟುಬಿಟ್ಟು ಹೊಲಿದು, ಅದೇ ದಾರಿಯಲ್ಲಿ ಮರಳುತ್ತ ಖಾಲಿ ಜಾಗ ತುಂಬಬೇಕು. ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ತಾರ. ಕ್ರಮ, ಎಣಿಕೆ, ಪುನರಾವರ್ತನೆ ಇಷ್ಟಪಡುವ ಮನಸ್ಸಿಗೆ ಇಂಥ ಕೆಲಸ ಹಿತ. ಎಲ್ಲರಿಗೂ ಸೂಜಿಯೇ ಆಗಬೇಕೆಂದಿಲ್ಲ, ಕೈತೋಟವೋ ತಬಲವೋ ಆದೀತು.

ತರಬೇತಿ ಕೇಂದ್ರವೊಂದು ‘ನಿಮ್ಮಂಥವರಿಗೆ ಆಗಲ್ಲ’ ಎಂದು ವಾಪಸು ಕಳಿಸಿದರೆ ಅದು ತಾರತಮ್ಯ. ಕಾರಣವನ್ನು ಲಿಖಿತವಾಗಿ ಕೇಳಿ, ದಿನಾಂಕ ಬರೆದಿಟ್ಟುಕೊಂಡು, ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಅಧಿನಿಯಮದ ಆಯುಕ್ತರಿಗೆ ದೂರು ಕೊಡಬಹುದು. ವಕೀಲರ ಖರ್ಚಿಗೆ ಹೆದರಬೇಕಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ವಿಕಲಚೇತನರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವುಂಟು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಫೋನಿನಲ್ಲಿ ಮಾತಾಡುವುದು ಕಷ್ಟವಾದರೆ ನಂಬಿಕಸ್ಥರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅರ್ಜಿಗೆ ಸಹಿ ಮಾತ್ರ ನಿಮ್ಮದೇ ಇರಲಿ.