ದಿನಕ್ಕೆ 20 ನಿಮಿಷ: ಕಸೂತಿ ಕಲಿಸುವ ಲೆಕ್ಕ

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಬರೆದು ಬಂದ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿ ಪ್ರತಿ ವರ್ಷ ಇರುತ್ತಾರೆ. ಪಿಯುಸಿಯಲ್ಲಿ ಚಿತ್ರಕಲೆಯ ಪಿರಿಯಡ್ ಇಲ್ಲ. ಜೂನ್ ತಿಂಗಳಲ್ಲೇ ಬಣ್ಣದ ಡಬ್ಬಿ, ಸೂಜಿ ದಾರ ಎಲ್ಲ ಅಟ್ಟ ಸೇರುತ್ತವೆ. ಕೇಳಿದರೆ, "ಟೈಮ್ ಎಲ್ಲೈತ್ರಿ ಸರ್? ಪರೀಕ್ಷೆ ಮುಗದ ಮ್ಯಾಲೆ ನೋಡೋಣ" ಎನ್ನುತ್ತಾರೆ. ಪರೀಕ್ಷೆಯ ಹಿಂದೆ ಡಿಗ್ರಿ, ಡಿಗ್ರಿಯ ಹಿಂದೆ ನೌಕರಿ, ಮದುವೆ ಬರುತ್ತವೆ. ಅಟ್ಟದ ಡಬ್ಬಿ ಇಳಿಯುವುದೇ ಇಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದನ್ನು ಹೆಚ್ಚು ಕಂಡಿದ್ದೇನೆ.

ಸಮಯ ಇಲ್ಲ ಎನ್ನುವುದು ಪೂರ್ತಿ ಸುಳ್ಳೂ ಅಲ್ಲ. ಒಟ್ಟಿಗೆ ಎರಡು ತಾಸು ಯಾರಿಗೂ ಸಿಗುವುದಿಲ್ಲ. ಸಿಗುವುದು ತುಂಡು ಹೊತ್ತು: ಬಸ್ಸಿಗೆ ಕಾಯುವಾಗ, ಅಸರ್ ನಮಾಜು ಮುಗಿದು ಮಗ್ರಿಬ್ ಆಗುವ ಮೊದಲು, ರಾತ್ರಿ ಕರೆಂಟ್ ಹೋದಾಗ. ಆದ್ದರಿಂದ ಪ್ರಶ್ನೆ ಸಮಯದ್ದಲ್ಲ, ಆಯ್ಕೆಯದು. ತುಂಡು ಮಾಡಿದರೂ ಕೆಡದ ಕೆಲಸ ಯಾವುದು? ಜಲವರ್ಣದಲ್ಲಿ ಆಕಾಶಕ್ಕೆ ಬಣ್ಣ ಹಚ್ಚುತ್ತ ಅರ್ಧಕ್ಕೆ ಎದ್ದರೆ ಕಾಗದ ಒಣಗಿ ಕಲೆ ನಿಲ್ಲುತ್ತದೆ. ತೈಲವರ್ಣ ಒಣಗಲು ದಿನಗಳೇ ಬೇಕು. ಪೆನ್ಸಿಲ್ ಸ್ಕೆಚ್ ಪರವಾಗಿಲ್ಲ. ನನ್ನನ್ನು ಕೇಳಿದರೆ, ಈ ಲೆಕ್ಕಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ನಮ್ಮ ಬೆಳಗಾವಿ–ಧಾರವಾಡ ಭಾಗದ ಕಸೂತಿ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗಂಟು ಹಾಕುವುದಿಲ್ಲ. ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಗವಂತಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತವೆ. ಗೋಪುರ, ತೇರು, ಆನೆ, ನವಿಲುಗಳನ್ನು ಇಳಕಲ್ ಸೀರೆಯ ಮೇಲೆ ಮೂಡಿಸಿದವರು ಕಾಲೇಜಿನಲ್ಲಿ ಕಲಿತವರಲ್ಲ, ಮನೆಗೆಲಸದ ಸಂದಿಯಲ್ಲಿ ಕುಳಿತ ಹೆಂಗಸರು. ಸವದತ್ತಿಯಾಚೆಯ ನವಲಗುಂದದ ಜಮಖಾನೆಯೂ ಹಾಗೆಯೇ. ಅದನ್ನು ತಲೆಮಾರುಗಳಿಂದ ನೇಯುತ್ತ ಬಂದವರು ಮುಸ್ಲಿಂ ಹೆಣ್ಣುಮಕ್ಕಳು, ಮಗ್ಗ ಇರುವುದು ಮನೆಯೊಳಗೇ. ನಮಾಜಿಗೆ ಹಾಸುವ ಜಾನಮಾಜನ್ನೂ ಅವರು ನೇಯುತ್ತಾರೆ. ಈಗ ಅಲ್ಲಿ ನೇಯುವ ಕೈಗಳು ಬಹಳ ಕಡಿಮೆಯಾಗಿವೆ.

ಇನ್ನು ಗವಂತಿಯ ಒಳಗಿನ ಲೆಕ್ಕ ನೋಡೋಣ. ಗ್ರಾಫ್ ಹಾಳೆಯ ಮೇಲೆ 10 ಚೌಕದಷ್ಟು ಅಡ್ಡಗೆರೆ ಎಳೆಯಿರಿ. 4ನೇ ಚೌಕ ಮುಗಿಯುವ ಬಿಂದುವಿನಿಂದ ಮೇಲಕ್ಕೆ 3 ಚೌಕದ ಒಂದು ಟೊಂಗೆ ಬಿಡಿಸಿ. ಒಟ್ಟು 13 ಸಣ್ಣ ಗೆರೆಗಳಾದವು. ಎಡ ತುದಿಯಿಂದ ಸೂಜಿ ಹೊರಡಲಿ: ಒಂದು ಗೆರೆ ಬಟ್ಟೆಯ ಮೇಲೆ, ಮುಂದಿನದು ಕೆಳಗೆ, ಮತ್ತೆ ಮೇಲೆ. 4ನೇ ಬಿಂದುವಿಗೆ ಬಂದಾಗ ಟೊಂಗೆ ಹತ್ತಿ ತುದಿ ಮುಟ್ಟಿ, ಅದೇ ದಾರಿಯಲ್ಲಿ ಇಳಿಯಬೇಕು. ಇಳಿಯುವಾಗ, ಹತ್ತುವಾಗ ಬಿಟ್ಟ ಖಾಲಿ ಜಾಗ ತುಂಬುತ್ತದೆ. ಹೋಗಿ ಬಂದದ್ದು 6 ಹೊಲಿಗೆ, ಸಮಸಂಖ್ಯೆ. ಹಾಗಾಗಿ ಮೇಲೆ–ಕೆಳಗೆ ಎಂಬ ಸರದಿ ತಪ್ಪುವುದಿಲ್ಲ. ಮುಂದೆ ಬಲ ತುದಿಯವರೆಗೆ ಹೋಗಿ, ಅಡ್ಡಗೆರೆಯ ಮೇಲೆಯೇ ವಾಪಸ್ ಬಂದರೆ 26 ಹೊಲಿಗೆಗೆ ಚಿತ್ರ ಮುಗಿಯಿತು, ಹಿಂದೂ ಮುಂದೂ ಒಂದೇ. ಟೊಂಗೆ 3ರ ಬದಲು 5 ಇದ್ದರೂ, 50 ಇದ್ದರೂ ಹೋಗಿ ಬರುವ ಮೊತ್ತ ಸಮಸಂಖ್ಯೆಯೇ.

ಯೂಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ 7 ಸೇತುವೆಗಳನ್ನು ಒಂದೊಂದೇ ಸಲ ದಾಟಿ ಎಲ್ಲವನ್ನೂ ಮುಗಿಸಲು ಆಗದು ಎಂದು 1736ರ ಹೊತ್ತಿಗೆ ತೋರಿಸಿದ. ಅಲ್ಲಿನ ಪ್ರತಿ ನೆಲದ ತುಂಡಿಗೂ ಬೆಸ ಸಂಖ್ಯೆಯ ಸೇತುವೆಗಳಿದ್ದುದೇ ಕಾರಣ. ಆದರೆ ಪ್ರತಿ ಸೇತುವೆಯನ್ನೂ ಎರಡು ಸಲ ದಾಟಬಹುದು ಎಂದರೆ ಬೆಸವೆಲ್ಲ ಸಮವಾಗಿ, ಹೊರಟಲ್ಲಿಗೇ ಮರಳಬಹುದು. ಗವಂತಿ ಮಾಡುವುದು ಇದನ್ನೇ. ಬಿಡದೆ ಕೂಡಿಕೊಂಡಿರುವ ಯಾವ ಚಿತ್ರವನ್ನಾದರೂ ಹೀಗೆ ಹೊಲಿಯಬಹುದು. ನಮ್ಮಲ್ಲಿ ಅನೇಕರ ಅಜ್ಜಿಯರಿಗೆ ಈ ದಾರಿ ಗೊತ್ತಿತ್ತು, ಯೂಲರ್ ಹೆಸರು ಗೊತ್ತಿರಲಿಲ್ಲ ಅಷ್ಟೇ.

ಸಮಯದ ಮಾತಿಗೆ ಇದು ಹೀಗೆ ಸಂಬಂಧ. ಒಂದು ಟೊಂಗೆ ಹತ್ತಿ ಇಳಿಯಲು ಐದು ನಿಮಿಷ ಸಾಕು. ಇಳಿದ ಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದುಬಿಡಿ. ಮೂರು ದಿನ ಬಿಟ್ಟು ಬಂದರೂ ಎಲ್ಲಿದ್ದೆವು ಎಂದು ಹುಡುಕಬೇಕಿಲ್ಲ, ಖಾಲಿ ಉಳಿದ ಜಾಗವೇ ಹೇಳುತ್ತದೆ. ಮೊಬೈಲ್ ಆಟ ಹೀಗೆ ಬಿಡುವುದಿಲ್ಲ, ನಡುವೆ ಎದ್ದವನನ್ನು ಮತ್ತೆ ಎಳೆಯುತ್ತದೆ.

ಮನೆಯವರ ಭಯವೂ ನ್ಯಾಯವಾದದ್ದೇ. ಅವರೊಡನೆ ವಾದಕ್ಕಿಳಿಯಬೇಡಿ. ಗಡಿಯಾರ ಇಟ್ಟುಕೊಂಡು ದಿನಕ್ಕೆ 20 ನಿಮಿಷ ಎಂದು ಹೇಳಿ, 21ನೇ ನಿಮಿಷಕ್ಕೆ ಪುಸ್ತಕ ಹಿಡಿಯಿರಿ. ಕಿರುಪರೀಕ್ಷೆಯ ಅಂಕ ಕುಸಿಯದಿದ್ದರೆ ಒಂದು ತಿಂಗಳಲ್ಲಿ ಅವರೇ ಸುಮ್ಮನಾಗುತ್ತಾರೆ. ಮಾರ್ಚ್ ಪರೀಕ್ಷೆಗೆ ಎರಡು ವಾರ ಇದ್ದಾಗ ಕಟ್ಟಿ ಇಡಿ, ಬಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಸೂಜಿ ಹೆಂಗಸರ ಕೆಲಸ ಎನ್ನುವ ಹುಡುಗರು ನಮ್ಮೂರ ದರ್ಜಿ ಅಂಗಡಿಗಳಲ್ಲಿ ಕುಳಿತವರು ಯಾರೆಂದು ಒಮ್ಮೆ ನೋಡಲಿ.

ಶುರು ಮಾಡಲು ಎಳೆ ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ಗೇಣುದ್ದ ತುಂಡು, ಮೊಂಡು ತುದಿಯ ಸೂಜಿ, ಒಂದು ಲಡಿ ದಾರ ಸಾಕು. ಮೊದಲ ಅಭ್ಯಾಸವಾಗಿ ಮೇಲಿನ 13 ಗೆರೆಯ ಚಿತ್ರವನ್ನೇ ಹೊಲಿಯಿರಿ. ಆಮೇಲೆ ಅದೇ ಟೊಂಗೆಗೆ ಇನ್ನೊಂದು ಕಿರುಟೊಂಗೆ ಸೇರಿಸಿ, ಹೊಲಿಗೆ ಎಷ್ಟಾಗುತ್ತವೆ ಎಂದು ಮೊದಲೇ ಲೆಕ್ಕ ಹಾಕಿ ಸೂಜಿ ಹಿಡಿಯಿರಿ. ಬಟ್ಟೆ ಮತ್ತು ಲೆಕ್ಕದ ಹಾಳೆ ಎರಡನ್ನೂ ಸ್ಟಾಫ್ ರೂಮಿಗೆ ತಂದು ತೋರಿಸಿ. ನಾನು ಮೊದಲು ನೋಡುವುದು ಬಟ್ಟೆಯ ಹಿಂಬದಿಯನ್ನು.