ಮರಳಿನಿಂದ ಮೇಲೆದ್ದ ಬಾಬ್ಸ್

ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನ ದಕ್ಷಿಣ ತೀರದಲ್ಲಿ ಪೆಂಡೈನ್ ಎಂಬ ಸಣ್ಣ ಊರುಂಟು. ಅದರ ಮುಂದೆ ಸುಮಾರು 11 ಕಿಲೋಮೀಟರ್ ಉದ್ದದ ಮರಳಹಾಸು. ಇಳಿತದ ವೇಳೆಯಲ್ಲಿ ಸಮುದ್ರವು ಹಿಂದೆ ಸರಿದಾಗ ಈ ಮರಳು ಗಟ್ಟಿಯಾಗಿ, ಸಮತಟ್ಟಾಗಿ ಉಳಿಯುತ್ತದೆ. 1920ರ ದಶಕದಲ್ಲಿ ವೇಗದ ದಾಖಲೆಗೆ ಹಂಬಲಿಸಿದ ಸಾಹಸಿಗಳು ತಮ್ಮ ಕಾರುಗಳೊಡನೆ ಇಲ್ಲಿಗೆ ಬರುತ್ತಿದ್ದರು.

ಅವರಲ್ಲಿ ಪ್ಯಾರಿ ಥಾಮಸ್ ಒಬ್ಬನು. ಲೇಲ್ಯಾಂಡ್ ಮೋಟಾರ್ಸ್ ಕಂಪೆನಿಯಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವನು. ನಮ್ಮ ಹೆದ್ದಾರಿಯ ಲಾರಿಗಳ ಮೇಲೆ ಕಾಣುವ ‘ಅಶೋಕ್ ಲೇಲ್ಯಾಂಡ್’ ಎಂಬ ಹೆಸರಿನ ಉತ್ತರಾರ್ಧವು ಆ ಕಂಪೆನಿಯಿಂದಲೇ ಬಂದುದು. ಕೌಂಟ್ ಝ್ಬೊರೊವ್‌ಸ್ಕಿ ಎಂಬ ಶ್ರೀಮಂತನು ಕಟ್ಟಿಸಿದ್ದ ಭಾರಿ ಕಾರೊಂದನ್ನು, ಅವನು 1924ರಲ್ಲಿ ಪಂದ್ಯವೊಂದರಲ್ಲಿ ಮಡಿದ ಮೇಲೆ, ಥಾಮಸನು 125 ಪೌಂಡುಗಳಿಗೆ ಕೊಂಡು ತಿದ್ದಿ ಸುಧಾರಿಸಿದನು. ‘ಬಾಬ್ಸ್’ ಎಂದು ಮುದ್ದಿನ ಹೆಸರಿಟ್ಟನು. ಅದಕ್ಕೆ ಜೋಡಿಸಿದ್ದುದು ವಿಮಾನಕ್ಕಾಗಿ ರೂಪಿಸಿದ, ಹನ್ನೆರಡು ಸಿಲಿಂಡರುಗಳ ಲಿಬರ್ಟಿ ಎಂಜಿನ್. ಗಾತ್ರ 27 ಲೀಟರ್. ಒಂದು ಕಾಲಕ್ಕೆ ನಮ್ಮ ಊರೂರುಗಳಲ್ಲಿ ಓಡಾಡುತ್ತಿದ್ದ ಅಂಬಾಸಡರ್ ಕಾರಿನ ಎಂಜಿನ್ ಸುಮಾರು ಒಂದೂವರೆ ಲೀಟರಿನದು. ಅಂಥ ಹದಿನೆಂಟನ್ನು ಒಂದೇ ಮುಸುಕಿನೊಳಗೆ ಊಹಿಸಿಕೊಳ್ಳಬೇಕು!

1926ರ ಏಪ್ರಿಲಿನಲ್ಲಿ ಬಾಬ್ಸ್ ಗಂಟೆಗೆ 275 ಕಿಲೋಮೀಟರ್ ವೇಗದಲ್ಲಿ ಓಡಿ ಜಗತ್ತಿನ ದಾಖಲೆಯನ್ನು ಸ್ಥಾಪಿಸಿತು. ಮರುವರ್ಷದ ಫೆಬ್ರವರಿಯಲ್ಲಿ ಮಾಲ್ಕಂ ಕ್ಯಾಂಪ್‌ಬೆಲ್ ಅದೇ ಮರಳಿನ ಮೇಲೆ ಅದನ್ನು ಮುರಿದನು. ಕಳೆದುಕೊಂಡುದನ್ನು ಮರಳಿ ಪಡೆಯಲು ಥಾಮಸನು 1927ರ ಮಾರ್ಚ್ 3ರಂದು ಮತ್ತೆ ಕಾರನ್ನೇರಿದನು. ಕಾರು ಉರುಳಿತು, ಥಾಮಸನು ಸ್ಥಳದಲ್ಲೇ ಅಸುನೀಗಿದನು. ಅವನ ದೇಹವನ್ನು ಇಂಗ್ಲೆಂಡಿನ ಬೈಫ್ಲೀಟ್ ಊರಿನಲ್ಲಿ ಸಮಾಧಿ ಮಾಡಿದರು. ಬಾಬ್ಸ್ ಅನ್ನು ಪೆಂಡೈನಿನ ಮರಳಿನಲ್ಲಿಯೇ ಹೂತರು.

ಆಗ ಓವನ್ ವಿನ್ ಓವನ್ ಎಂಬಾತನು ಇನ್ನೂ ಎಳೆಯ ಮಗು. ಮುಂದೆ ಆತನು ಬ್ಯಾಂಗರ್ ಪಟ್ಟಣದ ತಾಂತ್ರಿಕ ಕಾಲೇಜಿನಲ್ಲಿ ಎಂಜಿನಿಯರಿಂಗ್ ಅಧ್ಯಾಪಕನಾದನು. ಮಣ್ಣುಪಾಲಾದ ಆ ಯಂತ್ರಕ್ಕೆ ಮತ್ತೆ ಜೀವ ಬರಿಸಬೇಕೆಂಬ ಹಂಬಲ ಅವನಲ್ಲಿ ಬೇರೂರಿತು. ಆದರೆ ಸಾವಿನ ನೆನಪಾಗಿ ಹೂತುದನ್ನು ಅಗೆಯುವುದು ಸರಿಯೇ? ಪ್ರಶ್ನೆ ಹಗುರವಾದುದಲ್ಲ. ಮಡಿದವನ ವಸ್ತುವಿಗೆ ಮಣ್ಣಿನ ಮರೆಯೇ ಮರ್ಯಾದೆಯೆನ್ನುವ ಭಾವನೆ ಎಲ್ಲ ನಾಡುಗಳಲ್ಲಿಯೂ ಉಂಟು. ಆದರೂ ತನ್ನ ಕೈಯಾರೆ ತಿದ್ದಿದ ಯಂತ್ರ ತುಕ್ಕಾಗಿ ಕರಗುವುದನ್ನು ಯಾವ ಎಂಜಿನಿಯರನು ಬಯಸಿಯಾನು?

ಕೊನೆಗೆ ಅನುಮತಿ ದೊರೆತು, 1969ರಲ್ಲಿ ಬಾಬ್ಸ್ ಹೊರಬಂದಿತು. ಉಪ್ಪುಮರಳು 42 ವರ್ಷ ಬಿಡದೆ ತನ್ನ ಕೆಲಸ ಮಾಡಿತ್ತು. ಹೊರಮೈಯ ತಗಡು ತಿಂದುಹೋಗಿತ್ತು. ಒಳಗಿನ ಭಾಗಗಳು ತುಕ್ಕಿನಿಂದ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಓವನ್ನನು ಇದನ್ನು ತನ್ನ ಊರಾದ ಕಾಪೆಲ್ ಕ್ಯೂರಿಗ್‌ಗೆ ಸಾಗಿಸಿದನು. ಇಂಥ ಕೆಲಸದಲ್ಲಿ ಆತುರವೇ ದೊಡ್ಡ ಶತ್ರು. ಬಿಗಿದ ತಿರುಪನ್ನು ಬಲದಿಂದ ತಿರುಗಿಸಿದರೆ ಮುರಿಯುವುದು. ಮುರಿದುದಕ್ಕೆ ಬದಲಿ ಯಾವ ಅಂಗಡಿಯಲ್ಲಿಯೂ ಸಿಗದು. ಉಳಿಸಬಹುದಾದುದನ್ನು ಉಳಿಸಿ, ಅಳಿದುದನ್ನು ಮಾತ್ರ ಹಳೆಯ ಚಿತ್ರಗಳನ್ನು ನೋಡಿ ಹೊಸದಾಗಿ ಮಾಡಬೇಕು. ಹೊಸತನ್ನೇ ಕಟ್ಟಿ ಹಳೆಯ ಹೆಸರಿಡುವುದು ಸುಲಭ, ಅದು ಪುನರುದ್ಧಾರವಲ್ಲ.

ಈ ದುಡಿಮೆಯಿಂದ ಇನ್ನೊಂದು ಲಾಭವೂ ಆಯಿತು. ಬಾಬ್ಸ್‌ನ ಹಿಂದಿನ ಗಾಲಿಗಳು ಬೈಸಿಕಲ್ಲಿನಲ್ಲಿರುವಂತೆ ಸರಪಣಿಗಳ ಮೂಲಕ ತಿರುಗುತ್ತಿದ್ದವು. ಸರಪಣಿ ಕಡಿದು ತಲೆಗೆ ಬಡಿದುದರಿಂದಲೇ ಥಾಮಸನು ಸತ್ತನೆಂದು ಜನ ಬಹುಕಾಲ ನಂಬಿದ್ದರು. ಮರಳಿನಿಂದ ಎತ್ತಿದ ಭಾಗಗಳನ್ನು ಪರೀಕ್ಷಿಸಿದಾಗ ಆ ನಂಬಿಕೆ ಅಲುಗಾಡಿತು. ಬಲಬದಿಯ ಹಿಂಗಾಲಿ ಮೊದಲು ಕುಸಿದು, ಉಳಿದುದು ಅದರ ಪರಿಣಾಮವಾಗಿ ಆಗಿರಬೇಕೆಂಬ ಅಭಿಪ್ರಾಯ ಬಲವಾಯಿತು. ಹೂತೇ ಇದ್ದಿದ್ದರೆ ಸರಪಣಿಯ ಮೇಲಿನ ಅಪವಾದವೂ ಹಾಗೆಯೇ ಉಳಿಯುತ್ತಿತ್ತು.

ಕೆಲಸವು ಸುಮಾರು 15 ವರ್ಷ ಹಿಡಿಯಿತು. ಬಾಬ್ಸ್‌ನ ಎಂಜಿನ್ ಮತ್ತೆ ಗುಡುಗಿತು. 2012ರಲ್ಲಿ ಓವನ್ನನು ತೀರಿಕೊಂಡ ಮೇಲೆ ಅದರ ಪಾಲನೆಯ ಹೊಣೆ ಮನೆಯವರ ಕೈಗೆ ಬಂದಿತು. ಮ್ಯೂಸಿಯಮ್ಮುಗಳಲ್ಲಿ ನಿಂತು ನೋಡುಗರ ಕಣ್ಣು ಸೆಳೆಯುವ ಬಾಬ್ಸ್, ತಾನು ಹಿಂದೆ ಉರುಳಿದ ಆ ಪೆಂಡೈನಿಗೂ ಹೋಗಿಬಂದಿದೆ.